ಪೆಟ್ಟಿಗೆಯಲ್ಲಿಟ್ಟ ಮೊಟ್ಟೆ ಮರಿಯಾಗಲಿಲ್ಲವೇ? ಒಡೆಯದೆ ಉಳಿದ ಮೊಟ್ಟೆಯನ್ನೇ ಮೊದಲು ನೋಡಿ

ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬು, ಒಂದು ಬಟ್ಟಲು ನೀರು. ಇಷ್ಟರಲ್ಲೇ ಮನೆಯಲ್ಲಿ ಕೋಳಿಮರಿ ಮಾಡಿಸಲು ಸಾಧ್ಯ. ಹಳ್ಳಿಗಳಲ್ಲೂ ಪೇಟೆಯ ತಾರಸಿಗಳಲ್ಲೂ ಎಷ್ಟೋ ಜನ ಮಾಡುತ್ತಿದ್ದಾರೆ. ಆದರೆ 21 ದಿನ ಕಾದ ಮೇಲೆ ಹನ್ನೆರಡು ಮೊಟ್ಟೆಯಲ್ಲಿ ಎರಡೋ ಮೂರೋ ಮಾತ್ರ ಒಡೆದು, ಉಳಿದವು ಕದಲದೆ ಬಿದ್ದಿದ್ದರೆ ಹೆಚ್ಚಿನವರು ಅವುಗಳನ್ನು ತಿಪ್ಪೆಗೆ ಎಸೆದುಬಿಡುತ್ತಾರೆ. ಮುಂದಿನ ಸಲ ಬಲ್ಬು ಬದಲಿಸುತ್ತಾರೆ, ಪೆಟ್ಟಿಗೆ ಬದಲಿಸುತ್ತಾರೆ, ನೀರು ಹೆಚ್ಚಿಸುತ್ತಾರೆ, ಎಲ್ಲವನ್ನೂ ಒಟ್ಟಿಗೇ. ಆಗ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಎಂಬುದು ಗೊತ್ತಾಗುವುದೇ ಇಲ್ಲ.

ಎಸೆಯಬೇಡಿ. ಏನು ತಪ್ಪಿತು ಎಂಬುದರ ಗುರುತು ಇರುವುದು ಆ ಮೊಟ್ಟೆಗಳ ಒಳಗೆ. ಮರಿ ಯಾವ ದಿನದ ಹೊತ್ತಿಗೆ ಸತ್ತಿತು ಎಂದು ತಿಳಿದರೆ ದೋಷದ ಅರ್ಧ ಪತ್ತೆಯಾದಂತೆ.

ಮೊದಲು ದಿನದ ಲೆಕ್ಕ ಸರಿಯಿದೆಯೇ ನೋಡಿಕೊಳ್ಳಿ. ಮೊಟ್ಟೆ ಇಟ್ಟ ದಿನವನ್ನೇ ಒಂದನೆಯ ದಿನ ಎಂದು ಎಣಿಸುವವರು ಬಹಳ. 24 ಗಂಟೆ ತುಂಬಿದ ಮೇಲೆ ಒಂದು ದಿನ. ಸೋಮವಾರ ಸಂಜೆ ಇಟ್ಟರೆ ಮೂರು ವಾರ ಕಳೆದ ಸೋಮವಾರ ಸಂಜೆಗೆ 21 ದಿನ. ಕಾವು ಸ್ವಲ್ಪ ಕಡಿಮೆಯಾಗಿದ್ದರೆ ಇನ್ನೂ ಒಂದೆರಡು ದಿನ ತಡವಾಗುತ್ತದೆ. ಹಾಗಾಗಿ 23ನೆಯ ದಿನ ಮುಗಿಯುವವರೆಗೆ ಯಾವ ಮೊಟ್ಟೆಯನ್ನೂ ಒಡೆಯಬೇಡಿ. ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು ಕೇಳಿ. ಒಳಗೆ ಕುಟ್ಟುವ ಅಥವಾ ಚಿಲಿಪಿಲಿ ಸದ್ದಿದ್ದರೆ ಹಾಗೇ ಬಿಡಿ.

ಒಡೆದು ನೋಡುವ ಕ್ರಮ

ಮನೆಯ ಹೊರಗೆ ಕೂತು ಒಡೆಯಿರಿ. ಕೊಳೆತ ಮೊಟ್ಟೆಯೊಳಗೆ ಅನಿಲ ತುಂಬಿ, ತಟ್ಟಿದೊಡನೆ ಸಿಡಿಯುವುದುಂಟು. ಅನುಮಾನವಿದ್ದರೆ ಬಕೆಟ್ ನೀರಿನೊಳಗೆ ಮುಳುಗಿಸಿಯೇ ಒಡೆಯಬೇಕು. ಉಳಿದವುಗಳನ್ನು ದಪ್ಪ ತುದಿಯ ಕಡೆಯಿಂದ ಚಮಚದ ಬೆನ್ನಿನಲ್ಲಿ ಮೆಲ್ಲಗೆ ತಟ್ಟಿ, ಚಿಪ್ಪನ್ನು ಚೂರುಚೂರಾಗಿ ಬಿಡಿಸಿ. ಮೊದಲು ಸಿಗುವುದು ಗಾಳಿಕೋಶ. ಅದರ ತಳದಲ್ಲಿ ಬಿಳಿ ಪೊರೆ. ಗಾಳಿಕೋಶ ಎಷ್ಟು ಆಳವಿದೆ, ಪೊರೆ ಒಣಗಿ ಕಾಗದದಂತಿದೆಯೇ ಅಥವಾ ಹಸಿಯಾಗಿದೆಯೇ, ಕೊಕ್ಕು ಪೊರೆಯನ್ನು ತೂರಿ ಗಾಳಿಕೋಶಕ್ಕೆ ಬಂದಿದೆಯೇ ಎಂಬ ಮೂರನ್ನೂ ಗಮನಿಸಿ ಬರೆದಿಡಿ. ಆಮೇಲೆ ಪೊರೆ ಹರಿದು ಒಳಗೆ ನೋಡಿ.

ಮರಿಯ ಸುಳಿವೇ ಇಲ್ಲದೆ ಬರೀ ಹಳದಿ, ಬಿಳಿ ಲೋಳೆ ಕಂಡರೆ ಮೊಟ್ಟೆ ಗೊಡ್ಡಾಗಿತ್ತು, ಇಲ್ಲವೇ ಮೊದಲ ಒಂದೆರಡು ದಿನದಲ್ಲೇ ಕೆಟ್ಟಿತು. ಅಂಗಡಿಯಲ್ಲಿ ಟ್ರೇ ಲೆಕ್ಕದಲ್ಲಿ ಸಿಗುವ ಫಾರಂ ಮೊಟ್ಟೆಯನ್ನು ಕಾವಿಗಿಟ್ಟು ಮರಿ ಬರಲಿಲ್ಲ ಎಂದು ಕೇಳುವವರು ಇಂದಿಗೂ ಇದ್ದಾರೆ. ಪಂಜರದ ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಎಷ್ಟು ಕಾವು ಕೊಟ್ಟರೂ ಅದರಿಂದ ಮರಿಯಾಗದು. ನಾಟಿ ಮೊಟ್ಟೆಯೇ ಗೊಡ್ಡಾಗುತ್ತಿದ್ದರೆ ಹುಂಜದ ಕಡೆ ನೋಡಿ. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಬೇಕು. ಹೊಸದಾಗಿ ಬಿಟ್ಟ ಹುಂಜವಾದರೆ ಒಂದು ವಾರ ಕಳೆದ ಮೇಲಿನ ಮೊಟ್ಟೆಯನ್ನು ಆರಿಸಿಕೊಳ್ಳಿ. ಹುಂಜ ಸರಿಯಿದ್ದೂ ಹೀಗಾದರೆ ಮೊಟ್ಟೆ ಹಳೆಯದಾಗಿತ್ತೇ, ಫ್ರಿಜ್ಜಿನಲ್ಲಿತ್ತೇ, ದೂರದಿಂದ ಬೈಕಿನಲ್ಲಿ ಕುಲುಕಿಕೊಂಡು ಬಂದಿತೇ ಎಂದು ವಿಚಾರಿಸಿ. ಏಳು ದಿನದೊಳಗಿನ ಮೊಟ್ಟೆ, ತಂಪಾದ ಮೂಲೆಯಲ್ಲಿ ಚೂಪು ತುದಿ ಕೆಳಗಾಗಿ ಇಟ್ಟದ್ದು, ತೊಳೆಯದ್ದು ಒಳ್ಳೆಯದು. ಪ್ರಯಾಣ ಮಾಡಿ ಬಂದ ಮೊಟ್ಟೆಗೆ ಕಾವಿಗಿಡುವ ಮೊದಲು ಒಂದು ರಾತ್ರಿ ವಿಶ್ರಾಂತಿ ಕೊಡಲೇಬೇಕು.

ಹಳದಿಯ ಸುತ್ತ ಕೆಂಪು ಉಂಗುರವಿದ್ದರೆ ಮರಿ ಮೊದಲ ವಾರದಲ್ಲೇ ಸತ್ತಿದೆ. ಮೊದಲ ದಿನಗಳಲ್ಲಿ ಬಿಸಿ ಏರುಪೇರಾದಾಗ ಹೀಗಾಗುವುದು ಹೆಚ್ಚು. ಪೆಟ್ಟಿಗೆಯನ್ನು ಒಂದು ದಿನ ಖಾಲಿ ಓಡಿಸಿ ಕಾವು ಸ್ಥಿರವಾಗುವವರೆಗೆ ಕಾಯದೆ ಮೊಟ್ಟೆ ಇಟ್ಟವರಲ್ಲಿ ಇದು ಸಾಮಾನ್ಯ.

ಕಪ್ಪು ಕಣ್ಣು ಮೂಡಿ, ಪುಕ್ಕ ಪೂರ್ತಿ ಬಾರದೆ ಸತ್ತ ಮರಿಗಳೇ ಹೆಚ್ಚಾಗಿದ್ದರೆ ಎಚ್ಚರ ವಹಿಸಬೇಕು. ಸಾಮಾನ್ಯವಾಗಿ ಸಾವು ಹೆಚ್ಚುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ ಮತ್ತು ಕೊನೆಯ ಮೂರು ದಿನಗಳಲ್ಲಿ. ನಡುವಿನ ದಿನಗಳಲ್ಲಿ ಸಾವು ಕಡಿಮೆ ಇರಬೇಕು. ಅಲ್ಲಿಯೇ ಹೆಚ್ಚಾಗಿದ್ದರೆ ಒಂದು ದಿನ ಪೆಟ್ಟಿಗೆ ವಿಪರೀತ ಕಾದಿರಬೇಕು, ಇಲ್ಲವೇ ಮೊಟ್ಟೆಯೊಳಗೆ ಸೋಂಕು ಹೊಕ್ಕಿರಬೇಕು, ಇಲ್ಲವೇ ತಾಯಿಕೋಳಿಯ ಮೇವಿನಲ್ಲಿ ಕೊರತೆ ಇರಬೇಕು. ಬರೀ ನುಚ್ಚು, ಜೋಳದ ಮೇಲೆ ಬೆಳೆದ ಕೋಳಿಯ ಮೊಟ್ಟೆಯಲ್ಲಿ ಬಿ2 ಜೀವಸತ್ವ ಸಾಲದೆ ಮರಿ ನಡುವೆಯೇ ಸಾಯುತ್ತದೆ. ಇದು ಪೆಟ್ಟಿಗೆಯ ದೋಷವಲ್ಲ, ಪೆಟ್ಟಿಗೆ ಸರಿಪಡಿಸಿದರೆ ಸರಿಹೋಗುವುದೂ ಇಲ್ಲ. ತಾಯಿಕೋಳಿಗೆ ಹಸಿರು ಸೊಪ್ಪು, ಹುಳುಹುಪ್ಪಟೆ ಸಿಗುವಂತೆ ಬಯಲಿಗೆ ಬಿಡಿ, ಇಲ್ಲವೇ ಸಮತೋಲ ಮೇವು ಕೊಡಿ. ಕೆಲವು ವಾರ ಕಳೆದ ಮೇಲಿನ ಮೊಟ್ಟೆ ತೆಗೆದುಕೊಳ್ಳಿ.

ಪುಕ್ಕ ಮೂಡಿ, ಗಾತ್ರ ತುಂಬಿ, ಚಿಪ್ಪಿಗೆ ಒಂದು ಪೆಟ್ಟೂ ಕೊಡದೆ ಒಳಗೇ ಸತ್ತ ಮರಿ ಸಿಕ್ಕರೆ ಮನಸ್ಸಿಗೆ ಬಹಳ ನೋವಾಗುತ್ತದೆ. ಮನೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಇದಕ್ಕೆ ಕಾರಣ ಬಿಸಿ, ತೇವ, ಗಾಳಿ ಮೂರರಲ್ಲಿ ಯಾವುದೂ ಆಗಿರಬಹುದು.

ಬಿಸಿ: ಅಳತೆ ತಪ್ಪಿದ್ದರೆ ಉಳಿದುದೆಲ್ಲ ತಪ್ಪು

ಪೆಟ್ಟಿಗೆಯಲ್ಲಿ ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ ಸುಮಾರು 38.5. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೇರುವುದರಿಂದ ಮುಚ್ಚಳದ ಬಳಿಗೂ ಮೊಟ್ಟೆಯ ಬಳಿಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಗೋಡೆಗೆ ಎತ್ತರದಲ್ಲಿ ಅಂಟಿಸಿದ ಥರ್ಮಾಮೀಟರ್ 38 ತೋರಿಸುತ್ತಿದ್ದರೆ ಕೆಳಗಿನ ಮೊಟ್ಟೆ 35ರಲ್ಲಿ ಇರಬಹುದು. ನಾನು ನೋಡಿದ ಪೆಟ್ಟಿಗೆಗಳಲ್ಲಿ ಹೆಚ್ಚಿನ ದೋಷ ಇರುವುದು ಇಲ್ಲಿಯೇ, ಅಳತೆಯ ತುದಿ ತಪ್ಪು ಜಾಗದಲ್ಲಿರುವುದರಲ್ಲಿ. ಅದನ್ನು ಮೊಟ್ಟೆಗಳ ನಡುವೆ, ಮೊಟ್ಟೆಯ ಎತ್ತರಕ್ಕೆ, ಬಲ್ಬಿನ ಬೆಳಕು ನೇರ ಬೀಳದಂತೆ ಇಡಿ. ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಕಟ್ಟಿ, ಅದಕ್ಕೆ ತಾಗಿಸಿ ಇನ್ನೊಂದು ಥರ್ಮಾಮೀಟರ್ ಇಟ್ಟರೆ ಮೊಟ್ಟೆಯೊಳಗಿನ ಬಿಸಿಯ ಅಂದಾಜು ಸಿಗುತ್ತದೆ. ಗಾಳಿಯ ಅಳತೆ ಬಲ್ಬು ಹತ್ತಿ ಆರಿದಂತೆಲ್ಲ ಏರಿಳಿಯುತ್ತಿದ್ದರೂ ನೀರಿನ ಅಳತೆ ನಿಧಾನ, ನಂಬಬೇಕಾದ್ದು ಎರಡನೆಯದನ್ನು.

ಥರ್ಮಾಮೀಟರೇ ಸುಳ್ಳು ಹೇಳುತ್ತಿದ್ದರೆ? ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಪ್ರತಿ ಮನೆಯಲ್ಲೂ ಇರುತ್ತದೆ, ನಮಗೆ ಬೇಕಾದ ಬಿಸಿಯ ಆಸುಪಾಸಿನಲ್ಲೇ ಅದು ನಿಖರ. ಲೋಟದಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಎರಡರ ತುದಿಯನ್ನೂ ಅಕ್ಕಪಕ್ಕ ಅದ್ದಿ. ವ್ಯತ್ಯಾಸವೆಷ್ಟೋ ಅಷ್ಟನ್ನು ಪೆಟ್ಟಿಗೆಯ ಮೇಲೆ ಬರೆದಿಟ್ಟುಕೊಳ್ಳಿ.

ಬಿಸಿ ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಎಂಬುದನ್ನು ಬದುಕಿ ಬಂದ ಮರಿಗಳೂ ತಿಳಿಸುತ್ತವೆ. 19, 20ನೆಯ ದಿನಕ್ಕೇ ಒಡೆದು, ಮರಿ ಸಣ್ಣದಾಗಿ, ಹೊಕ್ಕುಳು ಮುಚ್ಚದೆ ರಕ್ತ ಅಂಟಿಕೊಂಡಿದ್ದರೆ ಬಿಸಿ ಹೆಚ್ಚಾಗಿತ್ತು. 22, 23ಕ್ಕೆ ಒಡೆದು, ಮರಿ ಮೆತ್ತಗೆ ಊದಿಕೊಂಡು ನಿಲ್ಲಲಾರದೆ ಇದ್ದರೆ ಕಡಿಮೆಯಾಗಿತ್ತು. ಒಂದು ಮೂಲೆಯ ಮೊಟ್ಟೆ ಮೊದಲೂ ಇನ್ನೊಂದು ಮೂಲೆಯದು ಎರಡು ದಿನ ತಡವಾಗಿಯೂ ಒಡೆದರೆ ಪೆಟ್ಟಿಗೆಯೊಳಗೆ ಬಿಸಿ ಸಮನಾಗಿ ಹರಡುತ್ತಿಲ್ಲ. ಹಳೆಯ ಕಂಪ್ಯೂಟರಿನ ಸಣ್ಣ 12 ವೋಲ್ಟ್ ಫ್ಯಾನ್ ಒಂದನ್ನು, ಗಾಳಿ ನೇರ ಮೊಟ್ಟೆಗೆ ಬೀಸದಂತೆ ಕೂರಿಸಿದರೆ ಇದು ನೀಗುತ್ತದೆ.

ಬಲ್ಬಿನ ವಿಷಯ. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಲ್‌ಇಡಿ. 9 ವ್ಯಾಟಿನ ಎಲ್‌ಇಡಿ ಎಷ್ಟೇ ಬೆಳಗಿದರೂ ಅದರಿಂದ ಬರುವ ಬಿಸಿ 9 ವ್ಯಾಟನ್ನು ಮೀರದು. ಬೇಕಾದ್ದು ತಂತಿ ಕಾಯುವ ಹಳೆಯ ಬಗೆಯ ಬಲ್ಬು. ಒಂದು 60 ವ್ಯಾಟಿನ ಬದಲು ಎರಡು ಸಣ್ಣ ಬಲ್ಬು ಹಾಕಿ, ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವ ಊರುಗಳಲ್ಲಿ 60 ವ್ಯಾಟಿನ ಬಲ್ಬು ಸುಮಾರು 40 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಹಗಲು ಸರಿಯಿದ್ದು ರಾತ್ರಿ ಮಾತ್ರ ಕಾವು ಬೀಳುತ್ತಿದ್ದರೆ ಚಳಿಯನ್ನು ದೂರುವ ಮೊದಲು ವೋಲ್ಟೇಜ್ ನೋಡಿ. ಬಲ್ಬು ಥರ್ಮೋಕೋಲಿಗೂ ಹುಲ್ಲಿಗೂ ತಾಗದಂತೆ ತಂತಿಬಲೆಯೊಳಗಿರಲಿ. ಕರಗಿ ಹೊತ್ತಿಕೊಂಡ ಪೆಟ್ಟಿಗೆಗಳಿವೆ.

ಬಿಸಿ ನೋಡಿ ಬಲ್ಬನ್ನು ತಾನೇ ಹತ್ತಿಸಿ ಆರಿಸುವ ಅಗ್ಗದ ಡಬ್ಲ್ಯೂ1209 ಥರ್ಮೋಸ್ಟಾಟ್ ಬೋರ್ಡು ಬಳಸುವವರಿಗೆ ಎರಡು ಮಾತು. ಕಾವು ಏರಿದಾಗ ಬಲ್ಬು ಹತ್ತಿ, ಇಳಿದಾಗ ಆರುತ್ತಿದ್ದರೆ ಬೋರ್ಡು ಕೆಟ್ಟಿಲ್ಲ, ಪಿ0 ಎಂಬ ಆಯ್ಕೆ ತಂಪು ಮಾಡುವ ‘ಸಿ’ ಮೇಲಿದೆ, ‘ಎಚ್’ಗೆ ಬದಲಿಸಿ. ಕಾವು ಎರಡು ಡಿಗ್ರಿ ತೂಗಾಡುತ್ತಿದ್ದರೆ, ಎಷ್ಟು ಡಿಗ್ರಿ ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕೆಂದು ಹೇಳುವ ಪಿ1 ಆಯ್ಕೆ ಕಾರ್ಖಾನೆಯಿಂದ ಬಂದಂತೆ 2ರಲ್ಲೇ ಇದೆ, 0.3ಕ್ಕೋ 0.5ಕ್ಕೋ ಇಳಿಸಿ. ಬೋರ್ಡಿನ ಹಿಂಬದಿಯ ಬೆಸುಗೆ ಬಿಂದುಗಳಲ್ಲಿ 230 ವೋಲ್ಟ್ ತೆರೆದೇ ಇರುತ್ತದೆ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಪೆಟ್ಟಿಗೆಯ ಹೊರಗೆ, ನೀರಿನಿಂದ ದೂರ ಇಡಿ. ವೈರಿಂಗ್ ಗೊತ್ತಿಲ್ಲದಿದ್ದರೆ ಗೊತ್ತಿರುವವರಿಂದಲೇ ಮಾಡಿಸಿ.

ಕರೆಂಟ್ ಹೋದರೆ ಗಾಬರಿಯಾಗಬೇಡಿ. ಕಾವು ಕೂತ ಕೋಳಿಯೂ ದಿನಕ್ಕೊಮ್ಮೆ ಮೇವಿಗೆಂದು ಎದ್ದು ಹೋಗುತ್ತದೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬೆಚ್ಚನೆಯ ನೀರಿನ ಬಾಟಲಿ ಒಳಗಿಟ್ಟು ಮುಚ್ಚಳ ತೆರೆಯದೆ ಬಿಡಿ. ಕೆಲವು ಗಂಟೆಗಳ ತಂಪಿನಿಂದ ಸಾಮಾನ್ಯವಾಗಿ ಮರಿ ತಡವಾಗಿ ಬರುತ್ತದೆ ಅಷ್ಟೇ. ಕೊಲ್ಲುವುದು ಹೆಚ್ಚಾಗಿ ವಿಪರೀತ ಕಾವು. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿಗೆ ಏರಿದಾಗ ಬಲ್ಬು ಆರಿದ್ದರೂ ಮೊಟ್ಟೆ ಸಾಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ಪೆಟ್ಟಿಗೆ ಇಡುವುದಾದರೆ ಮಣ್ಣಿನ ಗೋಡೆಯ ತಂಪಾದ ಕೋಣೆ ಬೇಕು, ಇಲ್ಲವಾದರೆ ಮಳೆ ಬರುವವರೆಗೆ ಕಾಯುವುದೇ ಸರಿ.

ತೇವ: ತಕ್ಕಡಿಯ ಮಾತು ಕೇಳಿ

ಮೊದಲ 18 ದಿನ ಶೇ. 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಗ್ಗದ ತೇವಮಾಪಕದ ಅಂಕಿಯ ಮೇಲೆ ಭರವಸೆ ಇಡಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಚಿಮುಕಿಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮಾಪಕ ಏಳು ಕಡಿಮೆ ಹೇಳುತ್ತಿದೆ.

ಇದಕ್ಕಿಂತ ನಂಬಿಕೆಯದು ಅಡುಗೆಮನೆಯ ತಕ್ಕಡಿ. ಮೊಟ್ಟೆ 18 ದಿನದಲ್ಲಿ ತನ್ನ ತೂಕದ ಶೇ. 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಹತ್ತು ನಾಟಿ ಮೊಟ್ಟೆ 420 ಗ್ರಾಂ ಇದ್ದವು ಎಂದುಕೊಳ್ಳಿ: 7ನೆಯ ದಿನ 400ರ ಆಸುಪಾಸು, 14ಕ್ಕೆ 380, 18ಕ್ಕೆ 370 ಆಗಬೇಕು. 14ನೆಯ ದಿನ ಇನ್ನೂ 395 ಇದ್ದರೆ ತೇವ ಹೆಚ್ಚಾಗಿದೆ, ಬಟ್ಟಲು ಹೊರಗೆ ತೆಗೆಯಿರಿ. 365ಕ್ಕೆ ಇಳಿದಿದ್ದರೆ ಒಣಗುತ್ತಿದೆ, ಬಟ್ಟಲು ಅಗಲವಾಗಲಿ. ನೀರಿನ ಆಳದಿಂದ ತೇವ ಹೆಚ್ಚುವುದಿಲ್ಲ, ಹರವಿನಿಂದ ಹೆಚ್ಚುತ್ತದೆ. ಒಂದು ಸ್ಪಂಜಿನ ತುಂಡು ಅದ್ದಿಟ್ಟರೂ ಸಾಕು. ತೂಕ ಮಾಡುವಾಗ ಗೊಡ್ಡು ಮೊಟ್ಟೆ ಹೊರಗಿಟ್ಟಿದ್ದರೆ ಅದರ ಲೆಕ್ಕ ಕಳೆಯುವುದನ್ನು ಮರೆಯಬೇಡಿ.

ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜುಲೈ ತಿಂಗಳಿನಲ್ಲಿ ಗಾಳಿಯೇ ನೀರಾಗಿರುತ್ತದೆ. ಆಗ ಬಯಲುಸೀಮೆಯವರು ಹೇಳಿದಂತೆ ಬಟ್ಟಲು ತುಂಬಿಟ್ಟರೆ ಗಾಳಿಕೋಶ ಬೆಳೆಯುವುದೇ ಇಲ್ಲ. ಒಡೆದು ನೋಡಿದಾಗ ಗಾಳಿಕೋಶ ಚಿಕ್ಕದಾಗಿ, ಮರಿ ಊದಿಕೊಂಡು, ಮೂಗಿನ ಬಳಿ ಅಂಟು ದ್ರವ ನಿಂತಿರುತ್ತದೆ. ಉಸಿರಾಡಲು ಜಾಗವಿಲ್ಲದೆ ಅದು ಮುಳುಗಿ ಸತ್ತಿದೆ. ಮಳೆಗಾಲದಲ್ಲಿ ಇಲ್ಲಿ ಮೊದಲ 18 ದಿನ ನೀರೇ ಇಡದೆ ತೂಕ ನೋಡುತ್ತ ಹೋಗುವುದು ಒಳ್ಳೆಯದು. ಗಾಳಿಕೋಶ ದೊಡ್ಡದಾಗಿ, ಮರಿ ಚಿಕ್ಕದಾಗಿ, ಪೊರೆ ಮೈಗೆ ಬಿಗಿದು ಅಂಟಿದ್ದರೆ ಅದಕ್ಕೆ ವಿರುದ್ಧ: ಒಣಹವೆ.

ಗಾಳಿಕೋಶ ಸರಿಯಿದ್ದು, ಮರಿಯೂ ಸರಿಯಿದ್ದು ಸತ್ತಿದ್ದರೆ ಪೆಟ್ಟಿಗೆಯ ರಂಧ್ರಗಳನ್ನು ನೋಡಿ. ಕಾವು ಉಳಿಯಲೆಂದು ರಂಧ್ರ ಮುಚ್ಚುವವರಿದ್ದಾರೆ. ಕೊನೆಯ ವಾರ ಮರಿಗೆ ಬೇಕಾದ ಗಾಳಿ ಬಹಳ ಹೆಚ್ಚು, ಮರಿಗಳ ಮೈಯಿಂದಲೇ ಬಿಸಿಯೂ ಹೊರಡುತ್ತದೆ. ಆಗ ರಂಧ್ರ ಹೆಚ್ಚಿಸಬೇಕೇ ಹೊರತು ಮುಚ್ಚಬಾರದು.

ಹೊರಳಿಸುವುದು

ಮರಿ ಒಂದು ಪಕ್ಕದ ಪೊರೆಗೆ ಅಂಟಿಕೊಂಡಿದ್ದರೆ, ಅಥವಾ ಚೂಪು ತುದಿಯ ಕಡೆ ತಲೆಯಿದ್ದರೆ, ಹೊರಳಿಸಿದ್ದು ಸಾಲದು ಅಥವಾ ಮೊಟ್ಟೆಯನ್ನು ಚೂಪು ತುದಿ ಮೇಲಾಗಿ ಇಟ್ಟಿದ್ದೀರಿ. ಪೆನ್ಸಿಲ್ಲಿನಲ್ಲಿ ಒಂದು ಪಕ್ಕಕ್ಕೆ ಗುಣಿಸು ಗುರುತು, ಇನ್ನೊಂದು ಪಕ್ಕಕ್ಕೆ ಸೊನ್ನೆ ಬರೆದು ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಿ. ಬೆಸ ಸಂಖ್ಯೆಯಾದರೆ ಉದ್ದನೆಯ ರಾತ್ರಿ ಪ್ರತಿ ಸಲವೂ ಒಂದೇ ಪಕ್ಕ ಮಲಗುವುದು ತಪ್ಪುತ್ತದೆ. 18ನೆಯ ದಿನಕ್ಕೆ ನಿಲ್ಲಿಸಿ.

ಬಿರುಕು ಬಿಟ್ಟೂ ಹೊರಬಾರದ ಮರಿ

ಚಿಪ್ಪಿನಲ್ಲಿ ಒಂದು ನಕ್ಷತ್ರದ ಗುರುತು ಮೂಡಿ, ಕೊಕ್ಕಿನ ತುದಿ ಕಂಡು, ಆಮೇಲೆ ಏನೂ ಆಗದೆ ಗಂಟೆಗಟ್ಟಲೆ ಸುಮ್ಮನಿದ್ದಾಗ ಕೈ ತಡೆಯುವುದು ಕಷ್ಟ. ತಡೆಯಿರಿ. ಮೊದಲ ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಸಹಜ. ಅಷ್ಟರಲ್ಲಿ ಮರಿ ಪೊರೆಯಲ್ಲಿನ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರಿಸಿ ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ.

ಇಲ್ಲಿ ಹೆಚ್ಚಿನ ದೋಷ ನಮ್ಮ ಕುತೂಹಲದ್ದೇ. ಮೊದಲು ಬಂದ ಮರಿಯನ್ನು ತೆಗೆಯಲೆಂದೋ ಮಕ್ಕಳಿಗೆ ತೋರಿಸಲೆಂದೋ ಮುಚ್ಚಳ ತೆರೆದೊಡನೆ ಒಳಗಿನ ಹಸಿಗಾಳಿ ಹಾರಿಹೋಗುತ್ತದೆ, ಬಿರುಕು ಬಿಟ್ಟ ಮೊಟ್ಟೆಯ ಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ. ಹಸಿ ಪೊರೆ ಬಿಳಿಯಾಗಿ ಸಡಿಲವಿರುತ್ತದೆ. ಒಣಗಿದ್ದು ಹಳದಿ ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಗಟ್ಟಿಯಾಗಿ, ಪುಕ್ಕದ ಎಳೆಗಳನ್ನು ಹಿಡಿದುಕೊಂಡಿರುತ್ತದೆ. ಬಂದ ಮರಿ ಹೊಟ್ಟೆಯೊಳಗಿನ ಹಳದಿಯ ಬಲದಲ್ಲಿ ಎರಡು ದಿನ ನೀರು ಮೇವಿಲ್ಲದೆ ಬದುಕುತ್ತದೆ. ಆದ್ದರಿಂದ ತೆರೆಯುವ ಅಗತ್ಯವೇ ಇಲ್ಲ. ಮುಚ್ಚಳದಲ್ಲಿ ಒಂದು ಗಾಜಿನ ತುಂಡು ಕೂರಿಸಿಕೊಳ್ಳಿ, ಎಷ್ಟು ಬೇಕಾದರೂ ನೋಡಬಹುದು.

ಬಿರುಕು ಬಿಟ್ಟು 24 ಗಂಟೆ ಕಳೆದೂ ಮುಂದುವರಿಯದಿದ್ದರೆ, ಪೊರೆ ಒಣಗಿದ್ದು ಕಂಡರೆ ಮಾತ್ರ ನೆರವಾಗಿ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪೊರೆಯನ್ನಷ್ಟೇ ಒದ್ದೆ ಮಾಡಿ, ಮೂಗಿನ ಬಳಿ ನೀರು ಹೋಗದಿರಲಿ. ದಪ್ಪ ತುದಿಯ ಕಡೆ ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ. ಪೊರೆಯಲ್ಲಿ ಕೆಂಪು ನರ ಕಂಡ ಕ್ಷಣ ನಿಲ್ಲಿಸಿ, ಮತ್ತೆ ಒಳಗಿಟ್ಟು ಕೆಲವು ಗಂಟೆ ಬಿಡಿ. ಜೀವವಿದೆಯೇ ಎಂದು ನೋಡಲು ಮೊಟ್ಟೆಯನ್ನು ನೀರಿನಲ್ಲಿ ತೇಲಿಬಿಡುವ ರೂಢಿಯಿದೆ. ಬಿರುಕಿರುವ ಮೊಟ್ಟೆಗೆ ಎಂದೂ ಹಾಗೆ ಮಾಡಬೇಡಿ, ಮರಿ ಮುಳುಗುತ್ತದೆ.

ಪೆಟ್ಟಿಗೆಯಲ್ಲ, ಕೋಳಿಯೇ ಕೂತಿದ್ದರೆ

ಗಿರಿರಾಜ, ಸ್ವರ್ಣಧಾರಾದಂಥ ತಳಿಗಳಿಗೆ ಕಾವು ಕೂರುವ ಗುಣ ಕಡಿಮೆ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವುದೇ ವಾಡಿಕೆ. ಒಳ್ಳೆಯ ಹೇಂಟೆ ಎಲ್ಲ ಪೆಟ್ಟಿಗೆಗಿಂತ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಆದರೂ ಕೆಡುವುದುಂಟು.

ನಡುವೆ ಎದ್ದು ಹೋದರೆ ರೆಕ್ಕೆಯಡಿ, ಗೂಡಿನ ಹುಲ್ಲಿನಲ್ಲಿ ಹೇನು ಹುಡುಕಿ. ರಾತ್ರಿ ಟಾರ್ಚ್ ಹಿಡಿದರೆ ಹರಿದಾಡುವುದು ಕಾಣುತ್ತದೆ. ಹಗಲಿನಲ್ಲಿ ಜಾಗ ಬದಲಿಸಿದ್ದರೂ ಎದ್ದು ಹೋಗುತ್ತದೆ. ಕತ್ತಲಾದ ಮೇಲೆಯೇ ಬುಟ್ಟಿಗೆ ಸೇರಿಸಿ. ಅರ್ಧ ಮೊಟ್ಟೆ ಒಡೆದು ಅರ್ಧ ಹಸಿಯಾಗಿ ಉಳಿದರೆ ಬೇರೆ ಕೋಳಿಗಳು ಅದೇ ಬುಟ್ಟಿಯಲ್ಲಿ ಹೊಸ ಮೊಟ್ಟೆ ಇಟ್ಟಿವೆ. ಇಟ್ಟ ದಿನವೇ ಪೆನ್ಸಿಲ್ ಗುರುತು ಮಾಡಿದ್ದರೆ ಗುರುತಿಲ್ಲದ್ದನ್ನು ಆಗಾಗ ತೆಗೆಯಬಹುದು. ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಟ್ಟರೆ ಅಂಚಿನವು ಸರದಿಯ ಮೇಲೆ ತಣ್ಣಗಾಗಿ ಎಲ್ಲವೂ ಸ್ವಲ್ಪ ಸ್ವಲ್ಪ ಕೆಡುತ್ತವೆ.

ಮರಿ ಬಂತು, ಕಾಲು ನಿಲ್ಲುತ್ತಿಲ್ಲ

ಎರಡೂ ಕಾಲು ಪಕ್ಕಕ್ಕೆ ಜಾರಿ ಚಾಚಿಕೊಂಡ ಮರಿಯನ್ನು ಹುಟ್ಟುದೋಷವೆಂದು ಕೈಬಿಡಬೇಡಿ. ಹೆಚ್ಚಾಗಿ ನೆಲಕ್ಕೆ ಹಾಸಿದ ದಿನಪತ್ರಿಕೆಯೇ ಕಾರಣ. ನುಣುಪು ಕಾಗದದ ಮೇಲೆ ಹೂಮರಿಯ ಕಾಲಿಗೆ ಹಿಡಿತ ಸಿಗುವುದಿಲ್ಲ. ಒರಟು ಗೋಣಿಯೋ ಹಳೆಯ ಟವೆಲ್ಲೋ ಹಾಸಿ. ಕಾಲುಗಳ ನಡುವೆ ಸಹಜ ಅಂತರ ಉಳಿಯುವಂತೆ ಮೆತ್ತನೆಯ ಬ್ಯಾಂಡೇಜ್ ಪಟ್ಟಿಯನ್ನು ಎರಡೂ ಕಾಲಿಗೆ ಸಡಿಲವಾಗಿ ಸುತ್ತಿ, ನೀರು ಮೇವು ಹತ್ತಿರದಲ್ಲೇ ಇಡಿ. ಮೊದಲ ದಿನವೇ ಕಟ್ಟಿದರೆ ಎರಡು ಮೂರು ದಿನದಲ್ಲಿ ಹೆಚ್ಚಿನ ಮರಿಗಳು ನೆಟ್ಟಗೆ ನಿಲ್ಲುತ್ತವೆ. ಆಮೇಲೆ ಪಟ್ಟಿ ಬಿಚ್ಚಿ ಉಳಿದ ಮರಿಗಳ ಜೊತೆ ಬಿಡಿ.